ಸಮೃದ್ಧ ವಲಯ

ಜನವರಿ 12, ಭಾನುವಾರ

ಮಧ್ಯಾಹ್ನ ಉಜ್ವಲ್ ಮನೆಗೆ ಬಂದಿದ್ದ. ಹದಿನೈದು ವರ್ಷದ ಹಿಂದೆ ನನ್ನ ಅರ್ಥಶಾಸ್ತ್ರದ ತರಗತಿಯಲ್ಲಿ ಕೂತಿದ್ದ ಹುಡುಗ ಈಗ ಮಂಗಳೂರಿನಲ್ಲಿ ಸಮೀಕ್ಷೆ ಮಾಡಿಕೊಡುವ ಸಂಸ್ಥೆ ನಡೆಸುತ್ತಾನೆ. ಯಾವುದೋ ದೊಡ್ಡ ಕಂಪನಿಯ ಪ್ರತಿಷ್ಠಾನವೊಂದು ಪ್ರತಿವರ್ಷ ಹನ್ನೆರಡು ಹುಡುಗಿಯರನ್ನು ಮೂಡಬಿದಿರೆಯಲ್ಲಿ ನರ್ಸಿಂಗ್ ಓದಿಸುತ್ತದಂತೆ. ನಾಲ್ಕು ವರ್ಷದ ಫೀಸು, ಹಾಸ್ಟೆಲ್, ಊಟ ಎಲ್ಲ ಅವರದೇ. ಆದರೆ ಹನ್ನೆರಡೂ ಒಂದೇ ಊರಿಗೆ. ಮೂರು ಕಡೆ ತಲಾ ಅರವತ್ತು ಮನೆಗಳ ವರಮಾನ ಕೇಳಿ ಬರೆದು, ಸರಾಸರಿ ಎಲ್ಲಿ ಅತಿ ಕಡಿಮೆಯೋ ಆ ಊರಿಗೆ. ಪುತ್ತಿಗೆಯ ಬದಿಯ ಒಂದು ಊರು, ಲಾಯಿಲದ ಆಚೆ ಒಂದು, ಮತ್ತೆ ವಾಮದಪದವು.

ವಾಮದಪದವಿನ ಹೆಸರು ಕೇಳಿದ ಮೇಲೆ ಇಲ್ಲವೆನ್ನುವ ಪ್ರಶ್ನೆಯೇ ಬರಲಿಲ್ಲ. ಅಜ್ಜಿಮನೆ ಅಲ್ಲೇ ಇತ್ತು. ಬಂಟ್ವಾಳದ ಶಾಲೆಗೆ ರಜೆ ಸಿಕ್ಕಿದ ದಿನವೇ ನನ್ನನ್ನು ಅಲ್ಲಿಗೆ ಬಸ್ಸು ಹತ್ತಿಸುತ್ತಿದ್ದರು. ಆ ಊರನ್ನು ನಾನೇ ಮಾಡುತ್ತೇನೆ, ಉಳಿದ ಎರಡನ್ನು ನನ್ನ ವಿದ್ಯಾರ್ಥಿಗಳು ಮಾಡಲಿ ಎಂದೆ. ಎರಡು ಷರತ್ತು ಹಾಕಿದೆ. ಒಂದು, ಫಾರಂನಲ್ಲಿ ಅಂಕಿಯ ಪಕ್ಕದಲ್ಲಿ ಷರಾ ಬರೆಯಲು ಜಾಗ ಬೇಕು. ಇನ್ನೊಂದು, ಬರೆದದ್ದನ್ನು ಆಮೇಲೆ ಯಾರಾದರೂ ತಿದ್ದಿದರೆ ಊರಿನವರ ಎದುರು ಓದಿ ಹೇಳಿ, ಆ ಮನೆಯವರ ಒಪ್ಪಿಗೆ ಪಡೆಯಬೇಕು.

“ಷರಾ ನೀನು ಓದುತ್ತೀಯಾ?” ಎಂದು ಕೇಳಿದೆ.

“ನಾನೇ ಕೂತು ಓದ್ತೇನೆ ಮೇಡಂ. ನಿಮ್ಮ ಹತ್ರ ಕಲಿತವ ನಾನು.”

ಅವನು ಹೋದ ಮೇಲೆ ಶೇಖರ ನಕ್ಕರು. “ಶಿಷ್ಯ ಗುರುವಿಗೇ ಕೆಲಸ ಕೊಟ್ಟ. ಇನ್ನು ಅವನಿಗೆ ಚಾ ಕೊಡುವಾಗ ಎದ್ದು ನಿಂತು ಕೊಡು.” ಹೋಟೆಲು ನಡೆಸುವ ನನ್ನ ಗಂಡನಿಗೆ ಎಲ್ಲ ಸಂಬಂಧವೂ ಚಾ ಕೊಡುವವರು, ಚಾ ಕುಡಿಯುವವರು ಎಂದೇ ಕಾಣುತ್ತದೆ.

ವರದಿಯ ಮೊದಲ ಪುಟದಲ್ಲಿ ನನ್ನ ಹೆಸರು ಇರುತ್ತದಂತೆ. ಅದರಿಂದ ಸಂತೋಷವಾಯಿತು ಎಂದು ಇಲ್ಲಾದರೂ ಬರೆದಿಡಬೇಕು. ಇಂಗ್ಲಿಷಿನಲ್ಲಿ ಬರೆದರೆ ನನ್ನ ಕೈ ತಾನಾಗಿ ಅಡಿಟಿಪ್ಪಣಿ ಬರೆಯಲು ಶುರುಮಾಡುತ್ತದೆ. ಆದ್ದರಿಂದ ದಿನಚರಿ ಕನ್ನಡದಲ್ಲಿ.

ಜನವರಿ 19, ಭಾನುವಾರ

ಹನ್ನೆರಡು ಮನೆ ಮುಗಿಯಿತು. ಪಂಚಾಯತಿನಲ್ಲಿ ಹಿಂದೆ ಸದಸ್ಯರಾಗಿದ್ದ ಸಂಕಪ್ಪಣ್ಣ ದಾರಿ ತೋರಿಸಲು ಬಂದಿದ್ದರು. ಎಪ್ಪತ್ತು ಹತ್ತಿರವಾದರೂ ಗುಡ್ಡ ಹತ್ತುವಾಗ ನನಗಿಂತ ಮುಂದೆ.

“ಟೀಚರೇ, ನಮ್ಮ ಊರಿನಲ್ಲಿ ವರಮಾನಕ್ಕೆ ಎರಡು ಉತ್ತರ ಉಂಟು,” ಎಂದರು. “ರೇಷನ್ ಕಾರ್ಡಿಗೆ ಒಂದು, ಮದುವೆ ಮಾತಿಗೆ ಒಂದು. ನಿಮಗೆ ಯಾವುದು ಬೇಕು?”

“ನಿಜದ್ದು ಇಲ್ವಾ ಸಂಕಪ್ಪಣ್ಣ?”

“ಅದು ಮೂರನೇದು. ಅದನ್ನು ಕೇಳಿದವರು ಈವರೆಗೆ ಯಾರೂ ಬರ್ಲಿಲ್ಲ.”

ಎಲ್ಲ ಮನೆಯಲ್ಲೂ ಒಳಗೆ ಕರೆದರು. ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಇಳಿಸುತ್ತಿದ್ದೇನೆ. ಅಜ್ಜಿಯ ಹೆಸರು ಹೇಳಿದ ಕೂಡಲೇ ಬಾಗಿಲು ಪೂರ್ತಿ ತೆರೆಯುತ್ತದೆ. ಬಾಗಿಲಲ್ಲೇ ನಿಂತು ಕೇಳಿದರೆ ಸಿಗದ ಉತ್ತರಗಳು ಅಡುಗೆಮನೆಯ ಮಣೆಯ ಮೇಲೆ ಕೂತರೆ ಸಿಗುತ್ತವೆ. ಅದನ್ನು ನನ್ನ ವಿದ್ಯಾರ್ಥಿಗಳಿಗೂ ಹೇಳಬೇಕು. ಅವರು ಲಾಯಿಲದಲ್ಲಿ ಅಂಗಳದಲ್ಲೇ ನಿಂತು ಗಂಟೆಗೆ ಆರು ಮನೆ ಮುಗಿಸಿದ್ದಾರಂತೆ. ಮಕ್ಕಳು ಜನರನ್ನು ‘ಸ್ಯಾಂಪಲ್’ ಎನ್ನುತ್ತಾರೆ. ನನಗೆ ಅದು ಹಿಡಿಸಲಿಲ್ಲ, ಹೇಳಿದೆ.

ಜನವರಿ 26, ಭಾನುವಾರ

ಇವತ್ತು ಜುಲೈಕಾಳ ಮನೆ. ಪಟ್ಟಿಯಲ್ಲಿ ಒಂಬತ್ತನೆಯದು. ಅವಳು ಪೇಟೆಗೆ ಹೋಗಿದ್ದರಿಂದ ಹೋದ ವಾರ ಬಿಟ್ಟುಹೋಗಿತ್ತು. ನನಗಿಂತ ಐದು ವರ್ಷ ಚಿಕ್ಕವಳು. ಅಜ್ಜಿಮನೆಯ ಬೇಲಿಯಾಚೆ ಅವಳ ತವರು. ರಜೆಯ ಅಷ್ಟೂ ದಿನ ನನ್ನ ಬಾಲ ಹಿಡಿದು ತಿರುಗುತ್ತಿದ್ದಳು. ಅವಳ ಗಂಡ ಅಬ್ದುಲ್ ಸಮದ್ ವಿದೇಶದಲ್ಲಿ, ದಮ್ಮಾಮಿನ ಅಂಗಡಿಯೊಂದರಲ್ಲಿದ್ದಾನೆ. ಹನ್ನೆರಡು ವರ್ಷದ ಹಿಂದೆ ಕಟ್ಟಿಸಿದ ತಾರಸಿ ಮನೆ. ಮುಂದೆ ಗ್ರಾನೈಟಿನ ಮೆಟ್ಟಿಲು, ಕೆತ್ತನೆಯ ಬಾಗಿಲು. ಒಳಗೆ ಹೋದರೆ ಹಿಂದಿನ ಎರಡು ಕೋಣೆಗೆ ಇನ್ನೂ ಸಾರಣೆ ಆಗಿಲ್ಲ. ಅಲ್ಲಿ ಬೀಡಿ ಎಲೆಯ ಕಟ್ಟುಗಳು.

ಮಗಳು ರಿಫಾ ಪಿಯುಸಿ ಎರಡನೇ ವರ್ಷ, ವಿಜ್ಞಾನ. ನನ್ನ ಕೈಯಲ್ಲಿದ್ದ ಫಾರಂ ನೋಡಿ, “ಇದರಲ್ಲಿ ನಮ್ಮ ಊರು ಬಂದ್ರೆ ನನಗೆ ಖಂಡಿತ ಸೀಟು ಉಂಟಾ ಟೀಚರ್?” ಎಂದು ಕೇಳಿದಳು. ಅವಳ ಅಂಕ ನೋಡಿದರೆ ಹನ್ನೆರಡರಲ್ಲಿ ಮೊದಲ ಹೆಸರೇ ಅವಳದ್ದಾದೀತು. ಹಾಗೆಂದು ಹೇಳಿದೆ.

ಅವಳನ್ನು ಅಂಗಡಿಗೆ ಕಳಿಸಿ ಜುಲೈಕಾ ನನ್ನ ಹತ್ತಿರ ಸರಿದು ಕೂತಳು.

“ಶಶಿಯಕ್ಕ, ನಿಮಗೆ ಸುಳ್ಳು ಹೇಳ್ಲಿಕ್ಕೆ ನನಗೆ ಬರುದಿಲ್ಲ. ಹದಿನಾಲ್ಕು ತಿಂಗಳಾಯ್ತು, ಅಲ್ಲಿಂದ ಒಂದು ಪೈಸೆ ಬರ್ಲಿಲ್ಲ. ಅಂಗಡಿ ಮುಚ್ಚಿದ್ದಾರೆ. ಈಗ ಯಾವುದೋ ಗೋಡೌನಿನಲ್ಲಿ ದಿನಗೂಲಿಯಂತೆ, ಅದೂ ಸಿಕ್ಕಿದ ದಿನ. ನಾನು ಬೀಡಿ ಕಟ್ಟಿ, ಬ್ಲೌಸ್ ಹೊಲಿದು ನಡೆಸುದು.”

“ರಿಫಾಗೆ ಗೊತ್ತುಂಟಾ?”

“ಅವಳಿಗೂ ಇಲ್ಲ. ಅವಳ ಉಪ್ಪ ಕಳಿಸ್ತಾರೆ ಅಂತಲೇ ಎಣಿಸಿದ್ದಾಳೆ. ಅಕ್ಕ, ಇದನ್ನು ಮಾತ್ರ ಬರೀಬೇಡಿ. ಅವರಿಗೆ ಇಲ್ಲಿಯ ಮರ್ಯಾದೆ ಒಂದೇ ಬಾಕಿ ಇರುದು. ಅದೂ ಹೋಯ್ತು ಅಂತ ಗೊತ್ತಾದ್ರೆ ಅವರು ಊರಿಗೆ ಬರುದೇ ಇಲ್ಲ. ಅಲ್ಲೇ ಎಲ್ಲಾದ್ರೂ ಸತ್ತುಹೋಗ್ತಾರೆ.”

“ಮತ್ತೆ ಎಷ್ಟು ಬರೆಯಲಿ?”

“ಮೊದಲು ಕಳಿಸ್ತಿದ್ದದ್ದು ಇಪ್ಪತ್ತೈದು. ಅಷ್ಟೇ ಬರೀರಿ.”

ಇಪ್ಪತ್ತೈದು ಸಾವಿರ ಎಂದು ಬರೆದೆ. ಷರಾದಲ್ಲಿ ಹೀಗೆ ಬರೆದಿದ್ದೇನೆ: ‘ಈ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮೊದಲು ನನ್ನನ್ನು ಕೇಳಿರಿ.’ ಅವಳ ಮಾತೂ ಉಳಿಯಿತು, ಸತ್ಯವೂ ಉಳಿಯಿತು ಎಂದುಕೊಂಡೆ. ಬರುವ ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು.

ಫೆಬ್ರವರಿ 9, ಭಾನುವಾರ

ಅರವತ್ತೂ ಮುಗಿಯಿತು. ಜುಲೈಕಾಳಂತೆ ಇನ್ನೂ ಹತ್ತು ಮನೆಯವರು ಒಳಗೆ ಕರೆದು ಹೇಳಿ, ಹೊರಗೆ ಬೇರೆ ಬರೆಸಿದರು. ಸುಂದರಿಯಕ್ಕನ ಮಗ ಬಹರೈನಿನ ಹೋಟೆಲಿನಲ್ಲಿದ್ದವ ಕೆಲಸ ಬಿಟ್ಟು ಎಲ್ಲಿದ್ದಾನೆಂದೇ ಗೊತ್ತಿಲ್ಲ. ಶಾಹುಲ್ ಹಮೀದರ ತಮ್ಮನೂ ವಿದೇಶದಲ್ಲಿ, ಸಂಬಳವಿಲ್ಲದೆ ಎಂಟು ತಿಂಗಳು. ವಿಚಿತ್ರವೆಂದರೆ ಪ್ರತಿಯೊಬ್ಬರಿಗೂ ತಮ್ಮ ಮನೆ ಮಾತ್ರ ಹೀಗೆ, ಪಕ್ಕದ ಮನೆಗೆ ತಿಂಗಳು ತಿಂಗಳು ಬರುತ್ತದೆ ಎಂಬ ನಂಬಿಕೆ. ಹನ್ನೊಂದಕ್ಕೂ ಅದೇ ಷರಾ ಹಾಕಿದೆ.

ಸಂಕಪ್ಪಣ್ಣ ಬಸ್‌ಸ್ಟಾಪಿನವರೆಗೆ ಬಂದರು. “ಮೂರನೇ ಉತ್ತರ ಸಿಕ್ಕಿತಾ ಟೀಚರೇ?”

“ಸಿಕ್ಕಿತು.”

“ಹಾಗಾದ್ರೆ ಜಾಗ್ರತೆ ಮಾರಾಯ್ರೆ. ಸಿಕ್ಕಿದವರ ಕೈಯಲ್ಲೇ ಅದು ಹಾಳಾಗುದು.”

ಫೆಬ್ರವರಿ 11, ಮಂಗಳವಾರ

ತರಗತಿಯಲ್ಲಿ ತಲಾದಾಯದ ಪಾಠ. ತೊಂಬತ್ತೊಂದರ ನಂತರ ರಾಜ್ಯ ರಾಜ್ಯಗಳ, ಜಿಲ್ಲೆ ಜಿಲ್ಲೆಗಳ ನಡುವಿನ ಅಂತರ ಹೇಗೆ ಬೆಳೆಯಿತು ಎನ್ನುವ ಅಧ್ಯಾಯ. ನಮ್ಮ ಜಿಲ್ಲೆ ರಾಜ್ಯದ ಶ್ರೀಮಂತ ಜಿಲ್ಲೆಗಳಲ್ಲಿ ಒಂದು ಎಂದು ಪುಸ್ತಕ ಹೇಳುತ್ತದೆ. ಇಪ್ಪತ್ತು ವರ್ಷದಿಂದ ನಾನೂ ಹೇಳುತ್ತಿದ್ದೇನೆ. ಮೂಡಬಿದಿರೆಯಲ್ಲಿ ಎಲ್ಲೆಲ್ಲಿಂದಲೋ ಬಂದ ಮಕ್ಕಳು ಲಕ್ಷಗಟ್ಟಲೆ ಕೊಟ್ಟು ಓದುವುದನ್ನು ದಿನವೂ ನೋಡುವವರಿಗೆ ನಂಬಲು ಕಷ್ಟವೇನಿಲ್ಲ. ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿ ಜುಲೈಕಾ ಆ ಜಿಲ್ಲೆಯಲ್ಲೇ ಇದ್ದಾಳೆ. ಅವಳ ಇಪ್ಪತ್ತೈದು ಸಾವಿರವೂ ಈಗ ಎಲ್ಲೋ ಸೇರಿಕೊಳ್ಳುತ್ತದೆ. ಈ ಯೋಚನೆ ಬಂದಾಗ ಸೀಮೆಸುಣ್ಣ ತುಂಡಾಯಿತು. ಇನ್ನೊಂದು ತೆಗೆದುಕೊಂಡು ಪಾಠ ಮುಂದುವರಿಸಿದೆ.

ಏಪ್ರಿಲ್ 16, ಬುಧವಾರ

ಫಲಿತಾಂಶ ಬಂತು. ಪುತ್ತಿಗೆ ಬದಿಯ ಊರು: ಹದಿನಾಲ್ಕು ಸಾವಿರದ ಇನ್ನೂರು. ಲಾಯಿಲದ ಆಚೆ: ಹದಿನೈದು ಸಾವಿರದ ನೂರು. ವಾಮದಪದವು: ಹದಿನಾರು ಸಾವಿರದ ಏಳುನೂರು. ಹನ್ನೆರಡು ಸೀಟೂ ಪುತ್ತಿಗೆಯ ಬದಿಗೆ. ಅಲ್ಲಿಂದ ಕಾಲೇಜಿಗೆ ಹತ್ತು ನಿಮಿಷದ ಬಸ್ಸು.

ವಾಮದಪದವಿನ ಹೆಸರಿನ ಎದುರು ‘ಸಮೃದ್ಧ ವಲಯ’ ಎಂದು ಹಸಿರು ಬಣ್ಣ ಬಳಿದಿದ್ದಾರೆ.

ಉಜ್ವಲ್ ಫೋನ್ ಎತ್ತುತ್ತಿಲ್ಲ. ರಿಫಾ ಎತ್ತುತ್ತಾಳೆಂದು ನಾನು ಜುಲೈಕಾಳಿಗೆ ಫೋನ್ ಮಾಡಲಿಲ್ಲ.

ಏಪ್ರಿಲ್ 19, ಶನಿವಾರ

ಮಂಗಳೂರಿಗೆ ಹೋದೆ. ಏಳನೇ ಮಾಳಿಗೆಯಲ್ಲಿ ಅವನ ಕಚೇರಿ. ಗಾಜಿನಾಚೆ ಸಮುದ್ರ ಕಾಣುತ್ತದೆ.

“ಷರಾ ಓದಿದೆಯಾ ಉಜ್ವಲ್?”

ಅವನು ಎದ್ದು ಬಾಗಿಲು ಹಾಕಿದ. “ಮೇಡಂ, ಕಂಪ್ಯೂಟರಿಗೆ ಅಂಕಿ ಹೋಗ್ತದೆ. ಷರಾ ಹೋಗುದಿಲ್ಲ. ನೂರ ಎಂಬತ್ತು ಫಾರಂ ಉಂಟು, ನಾನು ಎಲ್ಲಿ ಕೂತು ಓದ್ಲಿ?”

“ಓದುತ್ತೇನೆ ಎಂದು ನನ್ನ ಮನೆಯಲ್ಲಿ ಕೂತು ಹೇಳಿದ್ದೆ.”

“ಹೇಳಿದ್ದೆ. ನೀವು ಬೇಜಾರು ಮಾಡ್ಕೊಳ್ತೀರಿ ಅಂತ ಹೇಳಿದ್ದೆ.” ಆಮೇಲೆ ಫೈಲು ತಂದು ನನ್ನ ಎದುರು ಇಟ್ಟ. “ಆದ್ರೆ ಇದು ಯಾರ ಅಕ್ಷರ ಮೇಡಂ? ಇಪ್ಪತ್ತೈದು ಸಾವಿರ. ಮೂವತ್ತು ಸಾವಿರ. ಇಪ್ಪತ್ತೆರಡು. ನಾನು ಬರ್ದದ್ದಾ?”

ಲಾಯಿಲ, ಪುತ್ತಿಗೆಗಳಲ್ಲಿ ಅಂಗಳದಲ್ಲಿ ನಿಂತ ಮಕ್ಕಳಿಗೆ ಜನ ರೇಷನ್ ಕಾರ್ಡಿನ ಉತ್ತರ ಕೊಟ್ಟರು. ಒಳಗೆ ಹೋಗಿ ಕೂತ ನನಗೆ ಮದುವೆ ಮಾತಿನ ಉತ್ತರ ಸಿಕ್ಕಿತು. ಇದು ಅವನು ಹೇಳಿದ್ದು, ಹಿಂದೊಮ್ಮೆ ನಾನೇ ಅವನಿಗೆ ಹೇಳಿದ್ದ ಸಂಕಪ್ಪಣ್ಣನ ಮಾತು ಹಿಡಿದು. ನಗುತ್ತಾ ಹೇಳಿದ. ನನಗೆ ಸಿಕ್ಕಿದ್ದು ಮೂರನೆಯದು ಎಂದು ಅವನಿಗೆ ವಿವರಿಸಲು ಹೋಗಲಿಲ್ಲ.

ಅವನ ಮೇಜಿನ ಮೇಲೆ ಇನ್ನೊಂದು ಪುಸ್ತಕವಿತ್ತು. ಅದೇ ಮೂರು ಊರು, ಅದೇ ಅಂಕಿ. ಮುಖಪುಟದಲ್ಲಿ ‘ಕೊಳ್ಳುವ ಸಾಮರ್ಥ್ಯ’ ಎಂದಿತ್ತು. ಫ್ರಿಜ್, ಟಿವಿ ಕಂತಿನಲ್ಲಿ ಮಾರುವ ಕಂಪನಿಯೊಂದಕ್ಕೆ ಮಾಡಿಕೊಟ್ಟದ್ದು. ಮೊದಲ ಪುಟದಲ್ಲಿ ನನ್ನ ಹೆಸರು ಇತ್ತು. ಮಾತು ಕೊಟ್ಟಂತೆ.

“ಒಂದೇ ಸರ್ವೆಗೆ ಇಬ್ರು ಗಿರಾಕಿ, ಮೇಡಂ. ಇಲ್ಲದಿದ್ರೆ ಆಫೀಸಿನ ಬಾಡಿಗೆ ಯಾರು ಕೊಡ್ತಾರೆ?”

ಜುಲೈಕಾ ನನ್ನನ್ನು ನಂಬಿ ಮಾತಾಡಿದಳು, ನಾನು ಇವನನ್ನು ನಂಬಿದೆ. ಇವನು ಮಾರಿದ. ಆಕ್ಷೇಪಣೆ ಇದ್ದರೆ ಹದಿನೈದು ದಿನದೊಳಗೆ ಲಿಖಿತವಾಗಿ ಕೊಡಬಹುದು ಎಂದು ಲಿಫ್ಟಿನ ಬಾಗಿಲಲ್ಲಿ ನಿಂತು ಹೇಳಿದ. ಅದನ್ನು ಮಾತ್ರ ಗುರುಗಳಿಗೆ ಹೇಳುವ ದನಿಯಲ್ಲಿ ಹೇಳಿದ.

ಏಪ್ರಿಲ್ 20, ಭಾನುವಾರ

ಲೆಕ್ಕ ಹಾಕಿದೆ. ಹನ್ನೊಂದು ಮನೆಗೆ ವಿದೇಶದ ಹಣವನ್ನು ಸೊನ್ನೆ ಮಾಡಿದರೆ ವಾಮದಪದವಿನ ಸರಾಸರಿ ಹನ್ನೆರಡು ಸಾವಿರಕ್ಕೆ ಇಳಿಯುತ್ತದೆ. ಮೂರರಲ್ಲಿ ಅತಿ ಕಡಿಮೆ. ರಿಫಾಗೆ ಸೀಟು.

ಹನ್ನೊಂದು ಸೊನ್ನೆ ಬರೆದರಾಯಿತು.

ಏಪ್ರಿಲ್ 24, ಗುರುವಾರ

ಜುಲೈಕಾಳನ್ನು ಕೇಳದೆ ಬರೆಯಬಾರದೆಂದು ವಾಮದಪದವಿಗೆ ಹೋಗಿದ್ದೆ. ಅವಳು ಮನೆಯಲ್ಲಿರಲಿಲ್ಲ. ಗುರುವಾರ ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವ ದಿನ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ರಿಫಾ ಇದ್ದಳು. ಶೇಕಡಾ ಎಂಬತ್ತೊಂಬತ್ತು ಬಂದಿದೆಯಂತೆ.

“ಟೀಚರ್, ನಮ್ಮ ಊರು ಬರ್ಲಿಲ್ಲ ಅಂತ ಹೇಳ್ತಾರೆ. ಹೌದಾ?”

“ಇನ್ನೂ ಮುಗಿದಿಲ್ಲ,” ಎಂದೆ.

“ನೀವು ಇದ್ದೀರಲ್ಲ, ಮತ್ತೆ ಎಂತ ಹೆದರಿಕೆ,” ಎಂದು ಒಳಗಿನಿಂದ ಕುರ್ಚಿ ತಂದಳು.

ಒಂದು ಗಂಟೆ ಕಾದಿದ್ದರೆ ಜುಲೈಕಾ ಬರುತ್ತಿದ್ದಳು. ಮೂರೂವರೆಯ ಬಸ್ಸಿಗೆ ಹೊರಟುಬಂದೆ. ಕೇಳಿದ್ದರೆ ಬೇಡ ಎನ್ನುತ್ತಿದ್ದಳು. ಬೇಡ ಎಂದ ಮೇಲೆ ಬರೆಯುವುದು ತಪ್ಪಾಗುತ್ತಿತ್ತು. ಕೇಳದೆ ಬರೆಯುವುದು ಅಷ್ಟು ತಪ್ಪಲ್ಲ ಎಂದು ವಾದಿಸುತ್ತಿಲ್ಲ. ಆದರೆ ಒಂದು ಹುಡುಗಿಯ ನಾಲ್ಕು ವರ್ಷ ಒಂದು ಕಡೆ, ದಮ್ಮಾಮಿನಲ್ಲಿ ಕೂತ ಒಬ್ಬ ಗಂಡಸಿನ ಅಭಿಮಾನ ಇನ್ನೊಂದು ಕಡೆ. ತೂಗಿ ನೋಡುವುದು ನನ್ನ ವೃತ್ತಿ.

ಸಂಜೆ ಆಕ್ಷೇಪಣೆ ಬರೆದೆ. ಒಂಬತ್ತನೇ ಮನೆ, ಇಪ್ಪತ್ತಮೂರನೇ ಮನೆ, ಮೂವತ್ತೊಂದನೇ ಮನೆ... ಹೆಸರು ಬರೆಯುವುದಕ್ಕಿಂತ ಸಂಖ್ಯೆ ಬರೆಯುವುದು ಸುಲಭವಾಯಿತು. ಲಕೋಟೆ ಅಂಟಿಸಿ ಮೇಲೆ ‘ಗೋಪ್ಯ’ ಎಂದು ಬರೆದಿದ್ದೇನೆ.

ಮೇ 4, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ವಾಮದಪದವಿನ ಶಾಲೆಯ ಸಭಾಂಗಣದಲ್ಲಿ ಹತ್ತು ಗಂಟೆಗೆ ಸಭೆ. ಆಕ್ಷೇಪಣೆಯ ವಿಚಾರಣೆ ಎಂದಷ್ಟೇ ನೋಟಿಸು. ಸೀಟಿನ ವಿಷಯವೆಂದು ಊರೇ ಬಂದಿತ್ತು. ಮುಂದಿನ ಸಾಲಿನಲ್ಲಿ ಜುಲೈಕಾ, ಪಕ್ಕದಲ್ಲಿ ಅಂಕಪಟ್ಟಿಯ ಪ್ಲಾಸ್ಟಿಕ್ ಫೈಲು ಹಿಡಿದು ರಿಫಾ. ನನ್ನನ್ನು ಕಂಡು ಜುಲೈಕಾ ಪಕ್ಕದವರನ್ನು ಸರಿಸಿ ಜಾಗ ಮಾಡಿದಳು. ನಾನು ವೇದಿಕೆಯ ಬದಿಗೆ ಹೋಗಿ ಕೂತೆ.

ಉಜ್ವಲ್ ಬಂದಿರಲಿಲ್ಲ. ಅವನ ಕಚೇರಿಯ ಸಾತ್ವಿಕಾ ಎಂಬ ಹುಡುಗಿ ಬಂದಿದ್ದಳು. ನನ್ನ ಲಕೋಟೆ ಅವಳ ಕೈಯಲ್ಲಿ ಒಡೆದು ತೆರೆದಿತ್ತು. ನಾನು ಏಳುವಷ್ಟರಲ್ಲಿ ಮೈಕಿನಲ್ಲಿ ಓದಲು ಶುರುಮಾಡಿದಳು. ಸ್ಪಷ್ಟವಾದ ಪುಸ್ತಕದ ಕನ್ನಡ.

“ಮನೆ ಸಂಖ್ಯೆ ಒಂಬತ್ತು. ಜುಲೈಕಾ, ಗಂಡ ಅಬ್ದುಲ್ ಸಮದ್. ವಿದೇಶದಿಂದ ಬರುವ ಹಣ ಇಪ್ಪತ್ತೈದು ಸಾವಿರ ಎಂದು ನಮೂದಾಗಿದ್ದು, ಅದನ್ನು ಶೂನ್ಯ ಎಂದು ತಿದ್ದಲು ಕೋರಲಾಗಿದೆ. ಕಾರಣ, ಹದಿನಾಲ್ಕು ತಿಂಗಳಿಂದ ಹಣ ಬಂದಿಲ್ಲ, ಉದ್ಯೋಗ ಇಲ್ಲ. ಮನೆಯವರು ಇದ್ದೀರಾ? ಒಪ್ಪಿಗೆ ಇದೆಯೇ?”

ರಿಫಾ ತಾಯಿಯ ಕಡೆ ತಿರುಗಿದಳು. ಅವಳು ಏನೋ ಕೇಳಿದಳು, ನನಗೆ ಕೇಳಿಸಲಿಲ್ಲ.

ಜುಲೈಕಾ ಎದ್ದು ನಿಂತು ಮೊದಲು ಶಾಲು ಸರಿಮಾಡಿಕೊಂಡಳು. ನನ್ನನ್ನು ನೋಡಲಿಲ್ಲ.

“ಇದು ತಪ್ಪು,” ಎಂದಳು. “ಟೀಚರಿಗೆ ಯಾರೋ ತಪ್ಪು ಹೇಳಿದ್ದಾರೆ. ಪ್ರತಿ ತಿಂಗಳು ಬರ್ತದೆ. ಇಪ್ಪತ್ತೈದು ಸಹ ಅಲ್ಲ. ಈಗ ಮೂವತ್ತು ಬರುದು. ಬರ್ಕೊಳ್ಳಿ, ಮೂವತ್ತು.”

“ಜುಲೈಕಾ,” ಎಂದು ನಾನು ಎದ್ದೆ. “ರಿಫಾಳ ಸೀಟು...”

“ಅವಳ ಉಪ್ಪ ಇದ್ದಾರೆ ಅವಳನ್ನು ಓದಿಸ್ಲಿಕ್ಕೆ.”

ಸಾತ್ವಿಕಾ ಮೂವತ್ತು ಎಂದು ಬರೆದುಕೊಂಡಳು. ಇಪ್ಪತ್ತಮೂರನೇ ಮನೆ ಎಂದು ಓದಿದಳು. ಸುಂದರಿಯಕ್ಕ ಕೂತಲ್ಲಿಂದಲೇ ಕೂಗಿದರು, “ನನ್ನ ಮಗ ಎಲ್ಲಿದ್ದಾನೆ ಅಂತ ಗೊತ್ತಿಲ್ಲ ಅಂತ ಬರ್ದದ್ದು ಯಾರು? ನಿನ್ನೆ ಮಾತಾಡಿದ್ದಾನೆ ನನ್ನ ಹತ್ರ! ನಮ್ಮದೂ ಮೂವತ್ತು.” ಶಾಹುಲ್ ಹಮೀದ್ ಎದ್ದು ನಿಂತು ತಮ್ಮನದ್ದು ಮೂವತ್ತೈದು ಎಂದರು. ಹಿಂದಿನ ಸಾಲಿನಲ್ಲಿ ಯಾರೋ, “ನಲವತ್ತು ಯಾರಾದ್ರೂ ಉಂಟಾ?” ಎಂದು ಕೇಳಿದರು. ಒಂದಿಬ್ಬರು ನಕ್ಕರು. ಆ ನಗುವಿಗೆ ಇನ್ನೊಬ್ಬರು ನಲವತ್ತು ಎಂದೂ ಬರೆಸಿದರು. ಹನ್ನೊಂದೂ ಮನೆಯವರು ಮೇಲೆ ಮೇಲೆ ಹೋದರು. ಹುಡುಗರು ಮೊಬೈಲು ಎತ್ತಿ ಹಿಡಿದಿದ್ದರು.

ಹನ್ನೊಂದೂವರೆಗೆ ಊರು ಮೊದಲಿಗಿಂತ ಶ್ರೀಮಂತವಾಗಿತ್ತು.

ಸಂಕಪ್ಪಣ್ಣ ಮಾತ್ರ ಹೊರಗೆ ನಿಂತು ನನಗಾಗಿ ಕಾಯುತ್ತಿದ್ದರು. “ನೀವು ಬರ್ದದ್ದು ಅವರು ಹೇಳಿದ್ದೇ ಟೀಚರೇ,” ಎಂದರು. “ಆದ್ರೆ ಅಡಿಗೆಮನೆಯಲ್ಲಿ ಹೇಳಿದ್ದು.”

ಮೇ 5, ಸೋಮವಾರ

ಉಜ್ವಲ್ ಮೋಸ ಮಾಡಿದ. ‘ಗೋಪ್ಯ’ ಎಂದು ಬರೆದ ಲಕೋಟೆಯನ್ನು ಸಭೆಗೆ ಕಳಿಸಿದ. ತಿದ್ದುಪಡಿಯನ್ನು ಊರಿನವರ ಎದುರು ಓದಬೇಕೆಂದು ಫಾರಂನ ಹಿಂದೆ ಅಚ್ಚಾಗಿತ್ತು, ನಿಜ. ಆ ನಿಯಮ ಹಾಕಿಸಿದವಳು ನಾನೇ, ಅದೂ ನಿಜ. ಆದರೆ ಅವನು ನನಗೆ ಒಂದು ಫೋನ್ ಮಾಡಬಹುದಿತ್ತು.

ಜುಲೈಕಾ ಕೂಡ. ಐವತ್ತು ಜನರ ಎದುರು ನನ್ನನ್ನು ಸುಳ್ಳುಗಾರ್ತಿ ಮಾಡಿದಳು. ಅವಳ ಮಗಳಿಗಾಗಿಯೇ ಅಲ್ಲವೇ ನಾನು ಅಷ್ಟು ಮಾಡಿದ್ದು. ಒಂದೇ ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು.

ಶೇಖರ ಎಲ್ಲ ಕೇಳಿಸಿಕೊಂಡರು. “ಅವಳ ಹತ್ರ ಕೇಳಿದ್ದೆಯಾ?” ಎಂದರು.

“ಕೇಳಲಿಕ್ಕೆ ಹೋಗಿದ್ದೆ.”

“ಹೋಗಿದ್ದೆ,” ಎಂದು ಹೇಳಿ ಹೋಟೆಲಿಗೆ ಹೊರಟರು. ಚಾ ಹಾಗೆಯೇ ಉಳಿದಿತ್ತು.

ಮೇ 13, ಮಂಗಳವಾರ

ಪುತ್ತಿಗೆಯ ಬದಿಯ ಹನ್ನೆರಡು ಹುಡುಗಿಯರ ಪಟ್ಟಿ ಪತ್ರಿಕೆಯಲ್ಲಿ ಬಂತು. ಅವರೂ ಬಡವರೇ. ಅವರ ಮೇಲೆ ನನಗೇನೂ ಇಲ್ಲ.

ವಾಮದಪದವಿನ ಜಂಕ್ಷನ್ನಿನಲ್ಲಿ ಕಂತಿನ ಅಂಗಡಿ ತೆರೆಯಲು ಜಾಗ ನೋಡುತ್ತಿದ್ದಾರೆಂದು ಸಂಕಪ್ಪಣ್ಣ ಫೋನಿನಲ್ಲಿ ಹೇಳಿದರು. “ಊರು ಸಮೃದ್ಧ ಅಂತ ಗೊತ್ತಾಗಿದೆಯಲ್ಲ, ಬಂದಿದ್ದಾರೆ.” ರಿಫಾ ಲಾಯಿಲದ ಒಂದು ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದ್ದಾಳಂತೆ. ಎರಡು ಬಸ್ಸು ಬದಲಿಸಿ ಹೋಗಬೇಕು. ಏಳು ಸಾವಿರ.

ಮೇ 25, ಭಾನುವಾರ

ಉಜ್ವಲ್ ಬಂದಿದ್ದ. ಕ್ಷಮೆ ಕೇಳಿದ. ಚೆನ್ನಾಗಿ ಕೇಳಿದ, ನಾನೇ ಕಲಿಸಿದ ಹಾಗೆ, ಅಂಶ ಅಂಶವಾಗಿ. ಬೆಳ್ತಂಗಡಿ ತಾಲೂಕಿನಲ್ಲಿ ಹೊಸ ಸಮೀಕ್ಷೆ ಉಂಟಂತೆ. ಗಿರಾಕಿ ಯಾರೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಫಾರಂ ನಾನೇ ಸಿದ್ಧಪಡಿಸುವುದಾದರೆ ಮಾಡುತ್ತೇನೆ ಎಂದೆ. ಬೇರೆ ಯಾರಾದರೂ ಮಾಡಿದರೆ ಇನ್ನೂ ಕೆಟ್ಟದಾಗಿ ಮಾಡುತ್ತಾರೆ. ಸರಿಯಾದ ಪ್ರಶ್ನೆ ಇದ್ದರೆ ಯಾರಿಗೂ ನೋವಾಗುವುದಿಲ್ಲ ಎಂದು ಈಗಲೂ ನಂಬುತ್ತೇನೆ.

ಶೇಖರ ಏನೂ ತಮಾಷೆ ಮಾಡಲಿಲ್ಲ.

ಜೂನ್ 1, ಭಾನುವಾರ

ಹೊಸ ಮಕ್ಕಳಿಗೆ ತರಬೇತಿ ಕೊಟ್ಟೆ. ಷರಾದ ಅಂಕಣ ತೆಗೆದುಹಾಕಿದ್ದೇನೆ. ಅದು ಬರೆಯುವವರಿಗೆ ಸಮಾಧಾನ ಕೊಡುತ್ತದೆ, ಅಷ್ಟೇ. ಒಳಗೆ ಕರೆದರೆ ಹೋಗಬೇಡಿ, ಅಂಗಳದಲ್ಲೇ ನಿಂತು ಕೇಳಿ, ಹೇಳಿದ ಅಂಕಿ ಬರೆದು ಮುಂದಿನ ಮನೆಗೆ ಹೋಗಿ ಎಂದು ಹೇಳಿದೆ. ಒಬ್ಬ ಹುಡುಗಿ ಕೈಯೆತ್ತಿದಳು. “ಪರಿಚಯದವರಾದ್ರೆ ಮೇಡಂ?”

“ಪರಿಚಯದವರಾದರೆ ಆ ಸ್ಯಾಂಪಲ್ ಬೇರೆಯವರಿಗೆ ಕೊಡಿ.”

ತರಬೇತಿ ಚೆನ್ನಾಗಿ ಆಯಿತು. ಗಂಟೆಗೆ ಏಳು ಮನೆ ಸಾಧ್ಯ.

ಜೂನ್ 15, ಭಾನುವಾರ

ಬೆಳಿಗ್ಗೆ ಹನ್ನೊಂದಕ್ಕೆ ಜುಲೈಕಾ ಫೋನ್ ಮಾಡಿದಳು. ಸಭೆಯಾದ ಮೇಲೆ ಮೊದಲ ಸಲ. ನಾನು ಲಾಯಿಲದ ಪಟ್ಟಿ ನೋಡುತ್ತಿದ್ದೆ.

“ಶಶಿಯಕ್ಕ, ಒಂದು ವಿಷಯ ಹೇಳ್ಲಿಕ್ಕೆ ಮಾಡಿದ್ದು. ನಿನ್ನೆ ಬ್ಯಾಂಕಿಗೆ ಮೂವತ್ತು ಸಾವಿರ ಬಂತು.”

“ಸಮದ್ ಕಳಿಸಿದ್ದಾ?”

“ಮತ್ತೆ ಯಾರು ಕಳಿಸ್ತಾರೆ? ಸಭೆಯದ್ದು ವಿಡಿಯೋ ಯಾರೋ ಗ್ರೂಪಿಗೆ ಹಾಕಿದ್ದಾರೆ. ಅವರು ಅಲ್ಲಿ ನೋಡಿದ್ದಾರೆ. ಫೋನ್ ಮಾಡಿ ಬೈತಾರೆ ಅಂತ ನಾನು ಎಣಿಸಿದ್ದು. ಬೈಲಿಲ್ಲ. ‘ನೀನು ಮೂವತ್ತು ಹೇಳಿದ್ದೀಯಲ್ಲ, ಅಷ್ಟು ಕಳಿಸಿದ್ದೇನೆ’ ಅಂದ್ರು.”

“ಎಲ್ಲಿಂದ ಬಂತು ಅವನಿಗೆ?”

“ಊರಿಗೆ ಬರುವ ಟಿಕೇಟಿಗೆ ಅಂತ ಒಬ್ರ ಹತ್ರ ಸ್ವಲ್ಪ ಸ್ವಲ್ಪ ಕೊಟ್ಟಿಟ್ಟದ್ದು ಇತ್ತು. ಹಬ್ಬಕ್ಕೆ ಬರ್ತೇನೆ ಅಂದಿದ್ರು. ಈಗ ಇನ್ನು ಯಾವಾಗ ಅಂತ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ.”

ನಾನು ಲಾಯಿಲದ ಪಟ್ಟಿಯ ಪುಟ ಮಗುಚಿದೆ. ಅವಳೇ ಮುಂದುವರಿಸಿದಳು.

“ಹಣ ಬಂದದ್ದಕ್ಕೆ ಬ್ಯಾಂಕಿನ ಚೀಟಿ ಉಂಟು. ನಿಮ್ಮ ಫಾರಂನಲ್ಲಿ ಅದನ್ನು ಸೇರಿಸ್ಲಿಕ್ಕೆ ಆಗ್ತದಾ? ಸೀಟಿಗೆ ಅಲ್ಲ. ನಾನು ಅಲ್ಲಿ ನಿಂತು ಹೇಳಿದ್ದು ಸುಳ್ಳಲ್ಲ ಅಂತ ಒಂದು ಕಡೆ ಇರ್ಲಿ ಅಂತ. ರಿಫಾ ನನ್ನ ಹತ್ರ ಮಾತಾಡುದಿಲ್ಲ ಈಗ.”

“ಗಡುವು ಮುಗಿದಿದೆ ಜುಲೈಕಾ,” ಎಂದೆ. “ಮೇ ಒಂದಕ್ಕೇ ಮುಗಿಯಿತು. ಈಗ ಏನೂ ಸೇರಿಸಲು ಬರುವುದಿಲ್ಲ.”

ಅದು ನಿಜ. ದಿನಾಂಕವನ್ನು ಇನ್ನೊಮ್ಮೆ ತೆಗೆದು ನೋಡಿ ಖಚಿತಪಡಿಸಿಕೊಂಡೇ ಬರೆಯುತ್ತಿದ್ದೇನೆ.

“ಹೌದಾ,” ಎಂದಳು. “ಹಾಗಾದ್ರೆ ಬಿಡಿ ಮೇಡಂ. ನಿಮಗೆ ತೊಂದರೆ ಬೇಡ.”